ನಿಲ್ಲಿಸುವ ಅಧಿಕಾರ

ಇಂಗ್ಲಿಷಿನಲ್ಲಿ ‘ಲೀನ್’ ಎಂಬ ಪುಟ್ಟ ಮಾತೊಂದುಂಟು. ನಮ್ಮ ಕಿವಿಗೆ ಅದು ಸಂಸ್ಕೃತದ ‘ಲೀನ’ದಂತೆ ಕೇಳಿಸುತ್ತದೆ, ಅರ್ಥ ಮಾತ್ರ ಬೇರೆ. ಬೊಜ್ಜಿಲ್ಲದ, ಮೈಮೇಲೆ ಬೇಡದ ಭಾರವಿಲ್ಲದ, ಆದರೂ ಕಸುವುಳ್ಳ ಎಂದು ಅದನ್ನು ಬಿಡಿಸಿ ಹೇಳಬಹುದು. ಕಾರ್ಖಾನೆಗಳ ಆಡಳಿತದಲ್ಲಿ ಈ ಮಾತು ಮೂರು ದಶಕಗಳಿಗೂ ಮೀರಿ ಮಂತ್ರದಂತೆ ಉಚ್ಚರಿತವಾಗುತ್ತಿದೆ. ಪೀಣ್ಯದ ಸಣ್ಣ ವರ್ಕ್‌ಷಾಪುಗಳಿಂದ ಹಿಡಿದು ದೊಡ್ಡ ಆಸ್ಪತ್ರೆಗಳವರೆಗೆ ಅದು ಹಬ್ಬಿದೆ. ಗೋಡೆಯ ಮೇಲೆ ಜಪಾನೀ ಶಬ್ದಗಳ ಫಲಕ, ನೆಲದ ಮೇಲೆ ಹಳದಿ ಬಣ್ಣದ ಗೆರೆ, ಪ್ರತಿಯೊಂದು ಉಪಕರಣಕ್ಕೂ ಗೊತ್ತುಮಾಡಿದ ಜಾಗ—ಇವು ಕಂಡವೆಂದರೆ ಅಲ್ಲಿಗೆ ಆ ಪದ್ಧತಿ ಬಂದಿದೆಯೆಂದು ತಿಳಿಯಬೇಕು. ಎರಡು ವರ್ಷ ಬಿಟ್ಟು ಅಲ್ಲಿಗೇ ಮತ್ತೆ ಹೋಗಿ ನೋಡಿದರೆ, ಎಷ್ಟೋ ಕಡೆ ಫಲಕದ ಮೇಲೆ ಧೂಳು ಕುಳಿತಿರುತ್ತದೆ, ಹಳದಿ ಗೆರೆಯ ಮೇಲೆ ಪೆಟ್ಟಿಗೆಗಳು ಕುಳಿತಿರುತ್ತವೆ.

ಹೀಗೇಕಾಗುತ್ತದೆ? ಪದ್ಧತಿಯಲ್ಲೇ ದೋಷವಿದೆಯೆ, ಅಥವಾ ನಾವು ಅದರ ಮೈಯನ್ನು ತಂದು ಜೀವವನ್ನು ಬಿಟ್ಟುಬಂದೆವೆ? ಈ ಪ್ರಶ್ನೆಗೆ ಆಡಳಿತಶಾಸ್ತ್ರದ ಪಠ್ಯಗಳಿಗಿಂತ ಇತಿಹಾಸವೇ ಹೆಚ್ಚು ನೇರವಾದ ಉತ್ತರ ಕೊಡುತ್ತದೆಂದು ನಾನು ನಂಬಿದ್ದೇನೆ. ಆ ಇತಿಹಾಸ ಆರಂಭವಾಗುವುದು ಮೋಟಾರು ಕಾರಿನಿಂದಲ್ಲ, ಮಗ್ಗದಿಂದ.

ಸಕಿಚಿ ಟೊಯೊಡ ಅವರು 1867ರಲ್ಲಿ, ಈಗಿನ ಶಿಜುವೊಕ ಪ್ರಾಂತ್ಯಕ್ಕೆ ಸೇರಿದ ಹಳ್ಳಿಯೊಂದರಲ್ಲಿ ಬಡಗಿಯೊಬ್ಬರ ಮಗನಾಗಿ ಹುಟ್ಟಿದರು. ಹತ್ತಿಯ ನೇಯ್ಗೆ ಆ ಸೀಮೆಯ ಹೆಂಗಸರ ಮನೆಗೆಲಸ. ತಾಯಿ ಮಗ್ಗದ ಮುಂದೆ ಪಡುತ್ತಿದ್ದ ಶ್ರಮವನ್ನು ನೋಡಿ ಬೆಳೆದ ಈ ಹುಡುಗ ತಂದೆಯ ಉಳಿ ಸುತ್ತಿಗೆಗಳನ್ನೇ ಹಿಡಿದು ಮಗ್ಗವನ್ನು ತಿದ್ದತೊಡಗಿದ. ಎರಡು ಕೈಯ ಕೆಲಸವನ್ನು ಒಂದು ಕೈಗೆ ಇಳಿಸಿದ ಮರದ ಮಗ್ಗಕ್ಕೆ 1891ರಲ್ಲಿ ಸರ್ಕಾರದ ಪೇಟೆಂಟು ದೊರೆಯಿತು. ಐದಾರು ವರ್ಷಗಳಲ್ಲಿ ಅವರು ಉಗಿಯ ಬಲದಿಂದ ನಡೆಯುವ ಮಗ್ಗವನ್ನೂ ಕಟ್ಟಿದರು. ಅದರಲ್ಲಿ ಒಂದು ವಿಶೇಷವಿತ್ತು. ಹೊಕ್ಕಿನ ಎಳೆ ತುಂಡಾದರೆ ಮಗ್ಗ ತಾನಾಗಿಯೇ ನಿಂತುಬಿಡುತ್ತಿತ್ತು.

ನೇಯ್ಗೆಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಎಳೆ ಹರಿದದ್ದು ಯಂತ್ರಕ್ಕೆ ತಿಳಿಯದಿದ್ದರೆ ಅದು ಹರಕು ಬಟ್ಟೆಯನ್ನೇ ಗಜಗಟ್ಟಲೆ ನೇಯುತ್ತ ಹೋಗುತ್ತದೆ. ಅದನ್ನು ತಡೆಯಲು ಪ್ರತಿಯೊಂದು ಮಗ್ಗದ ಪಕ್ಕದಲ್ಲೂ ಒಬ್ಬರು ಕಣ್ಣು ಮಿಟುಕಿಸದೆ ಕಾಯಬೇಕು. ಮನುಷ್ಯ ಅಲ್ಲಿ ನೇಕಾರನಲ್ಲ, ಯಂತ್ರದ ಕಾವಲುಗಾರ. ತಪ್ಪಾದೊಡನೆ ನಿಲ್ಲುವ ಬುದ್ಧಿಯನ್ನು ಮಗ್ಗಕ್ಕೇ ಕೊಟ್ಟಾಗ ಕಾವಲಿನ ಆ ಕೆಲಸ ಇಲ್ಲವಾಯಿತು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗ, ಓಡುತ್ತಿದ್ದಂತೆಯೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು. ಹಾಸಿನ ಎಳೆ ಹರಿದರೂ ನಿಲ್ಲುತ್ತಿತ್ತು. ಒಬ್ಬ ಕೆಲಸಗಾರ್ತಿ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. 1929ರಲ್ಲಿ ಇಂಗ್ಲೆಂಡಿನ ಓಲ್ಡಂ ಪಟ್ಟಣದ ಪ್ಲ್ಯಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕಿಗಾಗಿ ಒಂದು ಲಕ್ಷ ಪೌಂಡಿನ ಒಪ್ಪಂದಕ್ಕೆ ಸಹಿ ಹಾಕಿತು. ಲ್ಯಾಂಕಾಷೈರಿನ ಯಂತ್ರನಿರ್ಮಾಪಕರು ಪೂರ್ವದೇಶದ ಬಡಗಿಯ ಮಗನಿಂದ ಮಗ್ಗದ ವಿದ್ಯೆಯನ್ನು ಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಈ ಗುಣಕ್ಕೆ ಜಪಾನೀಯರು ‘ಜಿದೋಕಾ’ ಎಂದು ಹೆಸರಿಟ್ಟರು. ಯಂತ್ರೀಕರಣ ಎಂಬರ್ಥದ ಸಾಮಾನ್ಯ ಶಬ್ದವೂ ಅವರ ಭಾಷೆಯಲ್ಲಿ ಇದೇ ಉಚ್ಚಾರದ್ದು. ಆದರೆ ಟೊಯೊಟದವರು ಅದನ್ನು ಬರೆಯುವಾಗ ‘ಚಲಿಸು’ ಎಂಬ ಅಕ್ಷರದ ಪಕ್ಕದಲ್ಲಿ ಮನುಷ್ಯನನ್ನು ಸೂಚಿಸುವ ಗುರುತೊಂದನ್ನು ಸೇರಿಸುತ್ತಾರೆ. ಆಗ ಅದು ‘ದುಡಿ’ ಎಂಬ ಅಕ್ಷರವಾಗುತ್ತದೆ. ಚಲನೆಯ ಪಕ್ಕದಲ್ಲಿ ಮನುಷ್ಯ ನಿಂತರೆ ದುಡಿಮೆ! ಈ ಪದ್ಧತಿಯ ಸಾರವೆಲ್ಲ ಆ ಒಂದು ಗುರುತಿನಲ್ಲಿ ಅಡಗಿದೆ ಎಂದರೂ ಸಲ್ಲುತ್ತದೆ. ಆದರೆ ಅಕ್ಷರದಲ್ಲಿ ಮನುಷ್ಯನಿಗೆ ಜಾಗ ಕೊಡುವುದು ಸುಲಭ. ಕಾರ್ಖಾನೆಯಲ್ಲಿ ಕೊಡುವುದು ಸುಲಭವಲ್ಲ. ಅದಕ್ಕೆ ತೆರಬೇಕಾಗಿ ಬಂದ ಬೆಲೆಯ ಕಥೆಯೇ ಮುಂದಿನದು.

ಸಕಿಚಿಯವರ ಮಗ ಕಿಯಿಚಿರೊ ಮೋಟಾರಿನ ಕನಸು ಕಂಡವರು. 1937ರಲ್ಲಿ ಟೊಯೊಟ ಮೋಟಾರ್ ಕಂಪನಿ ಸ್ಥಾಪನೆಯಾಯಿತು. ಬೇಕಾದ ವಸ್ತು ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು, ಮೊದಲೂ ಬೇಡ, ಹೆಚ್ಚೂ ಬೇಡ ಎಂಬ ಭಾವನೆ ಅವರದೇ. ‘ಜಸ್ಟ್ ಇನ್ ಟೈಮ್’ ಎಂಬ ಇಂಗ್ಲಿಷ್ ಮಾತನ್ನು ಈ ಅರ್ಥದಲ್ಲಿ ಬಳಕೆಗೆ ತಂದವರೂ ಅವರೇ. ಯುದ್ಧ ಬಂದು ಅದನ್ನೆಲ್ಲ ಮೂಲೆಗೆ ತಳ್ಳಿತು. 1945ರಲ್ಲಿ ಜಪಾನು ಸೋತು ಸುಣ್ಣವಾಗಿತ್ತು. ಕಚ್ಚಾ ಸಾಮಾನಿಲ್ಲ, ಕೈಯಲ್ಲಿ ಕಾಸಿಲ್ಲ, ಕಾರು ಕೊಳ್ಳುವ ಜನವಿಲ್ಲ. ಅಮೆರಿಕದ ಕಾರ್ಖಾನೆಗಳಂತೆ ರಾಶಿ ರಾಶಿ ತಯಾರಿಸಿ ಉಗ್ರಾಣದಲ್ಲಿಟ್ಟು ಮಾರುವ ಮಾರ್ಗ ಅವರಿಗೆ ಮುಚ್ಚಿಹೋಗಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ಸ್ಥಿತಿ. ಮಿತವ್ಯಯದ ಈ ಶಾಸ್ತ್ರ ಹುಟ್ಟಿದ್ದು ಬಡತನದ ಅಡುಗೆಮನೆಯಲ್ಲಿ.

1949ರಲ್ಲಿ ಅಮೆರಿಕನ್ ಬ್ಯಾಂಕರ್ ಜೋಸೆಫ್ ಡಾಡ್ಜ್ ಅವರ ಸಲಹೆಯಂತೆ ಜಪಾನಿನಲ್ಲಿ ಹಣದುಬ್ಬರವನ್ನು ಇಳಿಸುವ ಕಠೋರ ಕ್ರಮಗಳು ಜಾರಿಗೆ ಬಂದವು. ಸಾಲ ಹುಟ್ಟುವುದು ನಿಂತಿತು, ವ್ಯಾಪಾರ ಕುಸಿಯಿತು. ಟೊಯೊಟ ದಿವಾಳಿಯ ಅಂಚಿಗೆ ಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿಗೂ ಕಾರ್ಮಿಕ ಸಂಘಕ್ಕೂ ನಡುವೆ ಒಂದು ಕರಾರಾಯಿತು: ಕಾರ್ಮಿಕರು ಸಂಬಳದಲ್ಲಿ ನೂರಕ್ಕೆ ಹತ್ತರಷ್ಟು ಬಿಟ್ಟುಕೊಡಬೇಕು, ಕಂಪನಿ ಯಾರನ್ನೂ ಕೆಲಸದಿಂದ ತೆಗೆಯಕೂಡದು. ಕಾರ್ಮಿಕರು ತಮ್ಮ ಮಾತು ನಡೆಸಿದರು. ಕಂಪನಿಯಿಂದ ನಡೆಸಲಾಗಲಿಲ್ಲ. ಹಣ ಕೊಡಲು ಮುಂದೆ ಬಂದ ಬ್ಯಾಂಕುಗಳು ಜನರನ್ನು ಇಳಿಸಲೇಬೇಕೆಂದು ಪಟ್ಟು ಹಿಡಿದವು. 1950ರ ಏಪ್ರಿಲಿನಲ್ಲಿ, 1,600 ಮಂದಿ ಸ್ವಇಚ್ಛೆಯಿಂದ ನಿವೃತ್ತರಾಗಬೇಕೆಂಬ ಸೂಚನೆ ಹೊರಟಿತು.

ಮುಷ್ಕರ ಆರಂಭವಾಯಿತು, ವಾರಗಟ್ಟಲೆ ನಡೆಯಿತು. ಕೊನೆಗೆ ಜೂನ್ ತಿಂಗಳಿನಲ್ಲಿ ಒಪ್ಪಂದವಾದಾಗ ಎರಡು ಸಾವಿರಕ್ಕೂ ಹೆಚ್ಚು ಜನ ಕಾರ್ಖಾನೆ ಬಿಟ್ಟು ಹೋಗಿದ್ದರು. ಅವರೊಡನೆ ಇನ್ನೊಬ್ಬರೂ ಹೋದರು. ಕೊಟ್ಟ ಮಾತು ಮುರಿದುದರ ಹೊಣೆ ಹೊತ್ತು ಅಧ್ಯಕ್ಷ ಕಿಯಿಚಿರೊ ತಾವು ಕಟ್ಟಿದ ಕಂಪನಿಗೇ ರಾಜೀನಾಮೆ ಕೊಟ್ಟರು. ಅದೇ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಆರಂಭವಾಗಿ, ಅಮೆರಿಕನ್ ಸೈನ್ಯದಿಂದ ಟ್ರಕ್ಕುಗಳಿಗೆ ಬೇಡಿಕೆ ಬಂದು, ಕಂಪನಿ ಉಳಿದುಕೊಂಡಿತು. ಎರಡು ತಿಂಗಳು ಮೊದಲು ಬಂದಿದ್ದರೆ ಯಾರೂ ಹೋಗಬೇಕಾಗಿರಲಿಲ್ಲವೇನೋ. ಕಿಯಿಚಿರೊ ಅವರನ್ನು ಮರಳಿ ಕರೆಯುವ ಏರ್ಪಾಟಾಗುತ್ತಿದ್ದಂತೆ, 1952ರ ಮಾರ್ಚಿನಲ್ಲಿ, 57ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆ ವರ್ಷದ ಗಾಯವನ್ನು ಆ ಕಂಪನಿ ಮರೆಯಲಿಲ್ಲ. ಕಾಯಂ ಕೆಲಸಗಾರರನ್ನು ಮತ್ತೆ ಹೊರಗೆ ಹಾಕುವ ಪ್ರಸಂಗ ಬರಬಾರದು ಎಂಬುದು ಅಲ್ಲಿ ಅಲಿಖಿತ ನಿಯಮವಾಯಿತು. 1962ರಲ್ಲಿ ಆಡಳಿತವರ್ಗವೂ ಕಾರ್ಮಿಕ ಸಂಘವೂ ಸೇರಿ, ಪರಸ್ಪರ ವಿಶ್ವಾಸವೇ ತಮ್ಮ ಸಂಬಂಧದ ತಳಹದಿ ಎಂದು ಜಂಟಿ ಘೋಷಣೆ ಹೊರಡಿಸಿದವು. ಜಗತ್ತು ಮುಂದೆ ಕೊಂಡಾಡಿದ ಪದ್ಧತಿಯೆಲ್ಲ ಬೆಳೆದದ್ದು ಈ ತಳಹದಿಯ ಮೇಲೆ. ಈ ಅನುಕ್ರಮವನ್ನು ನಾವು ಗಮನದಲ್ಲಿಡಬೇಕು.

ಪದ್ಧತಿಯನ್ನು ಕಟ್ಟಿದವರಲ್ಲಿ ಮುಖ್ಯರಾದವರು ತಾಯಿಚಿ ಓನೊ. 1912ರಲ್ಲಿ ಮಂಚೂರಿಯದ ದಾಯಿರೆನ್ ನಗರದಲ್ಲಿ ಹುಟ್ಟಿ, 1932ರಲ್ಲಿ ಟೊಯೊಡ ಮನೆತನದ ನೂಲುಗಿರಣಿಗೆ ಸೇರಿ, 1943ರಲ್ಲಿ ಮೋಟಾರು ಕಂಪನಿಗೆ ಬಂದವರು. ಗಿರಣಿಯಲ್ಲಿ ಒಬ್ಬಳು ಹಲವು ಯಂತ್ರಗಳನ್ನು ನೋಡಿಕೊಳ್ಳುವುದನ್ನು ಕಂಡಿದ್ದ ಅವರಿಗೆ, ಮೋಟಾರು ಕಾರ್ಖಾನೆಯಲ್ಲಿ ಒಬ್ಬನಿಗೆ ಒಂದೇ ಲೇತ್ ಎಂಬ ವಾಡಿಕೆ ವಿಚಿತ್ರವಾಗಿ ಕಂಡಿತು. 1947ರಿಂದ ತಮ್ಮ ಯಂತ್ರಶಾಲೆಯಲ್ಲಿ ಯಂತ್ರಗಳನ್ನು ಕುದುರೆಯ ಲಾಳದ ಆಕಾರದಲ್ಲಿ ಕೂಡಿಸಿ, ಒಬ್ಬನೇ ಎರಡು, ಮೂರು, ನಾಲ್ಕು ಯಂತ್ರಗಳನ್ನು ನಡೆಸುವಂತೆ ಮಾಡುತ್ತ ಬಂದರು. ಕುಶಲಕರ್ಮಿಗಳು ಸುಮ್ಮನಿರಲಿಲ್ಲ. ಲೇತಿನವನು ಲೇತಿನವನೇ, ರಂಧ್ರ ಕೊರೆಯುವವನು ಕೊರೆಯುವವನೇ ಎಂಬುದು ಅವರ ಅಭಿಮಾನ. ಓನೊ ಅವರಿಗೆ ವರ್ಷಗಳೇ ಹಿಡಿದವು.

ಮುಂದಿನ ಹೆಜ್ಜೆ ಅಮೆರಿಕದ ದಿನಸಿ ಅಂಗಡಿಯಿಂದ ಬಂದದ್ದು. ಗಿರಾಕಿ ತನಗೆ ಬೇಕಾದುದನ್ನು ತಾನೇ ಎತ್ತಿಕೊಳ್ಳುವ, ಎತ್ತಿಕೊಂಡಷ್ಟನ್ನೇ ಅಂಗಡಿಯವನು ಮತ್ತೆ ತುಂಬುವ ಸೂಪರ್‌ಮಾರ್ಕೆಟ್ಟಿನ ಸಂಗತಿ ಓನೊ ಅವರ ಮನಸ್ಸಿಗೆ ಹಿಡಿಸಿತು. ಕಾರ್ಖಾನೆಯಲ್ಲಿ ಮುಂದಿನ ಹಂತದವನು ಗಿರಾಕಿ, ಹಿಂದಿನ ಹಂತದವನು ಅಂಗಡಿಯವನು. ಗಿರಾಕಿ ಕೇಳಿದಷ್ಟೇ ತಯಾರಿ. ಕೇಳಿದ್ದಕ್ಕೆ ಗುರುತಾಗಿ ಒಂದು ಚೀಟಿ—ಅದೇ ‘ಕನ್‌ಬನ್’. 1950ರ ದಶಕದಲ್ಲಿ ಯಂತ್ರಶಾಲೆಯೊಂದರಲ್ಲಿ ಹುಟ್ಟಿದ ಈ ಚೀಟಿಯ ವ್ಯವಹಾರ ಕಂಪನಿಯನ್ನೆಲ್ಲ ವ್ಯಾಪಿಸಲು 1963ರವರೆಗೆ ಕಾಲ ಬೇಕಾಯಿತು.

ದಾಸ್ತಾನು ಕಡಿಮೆಯಾದಂತೆ ಒಂದು ಹೊಸ ಕಷ್ಟ ತಲೆದೋರಿತು. ಕೆರೆಯಲ್ಲಿ ನೀರು ತುಂಬಿರುವಾಗ ತಳದ ಬಂಡೆ ಕಾಣುವುದಿಲ್ಲ. ನೀರು ಇಳಿದರೆ ದೋಣಿ ಬಂಡೆಗೆ ತಾಗುತ್ತದೆ. ಹಾಗೆಯೇ ಉಗ್ರಾಣ ತುಂಬಿರುವಾಗ ಕೆಟ್ಟ ಬಿಡಿಭಾಗವೊಂದು ಬಂದರೆ ಪಕ್ಕಕ್ಕೆಸೆದು ಇನ್ನೊಂದನ್ನು ಎತ್ತಿಕೊಳ್ಳಬಹುದು. ಲೆಕ್ಕಕ್ಕೆ ಸರಿಯಾಗಿ ಬರುವಾಗ ಒಂದು ಕೆಟ್ಟರೆ ಕೆಲಸವೇ ನಿಲ್ಲುತ್ತದೆ. ಆದ್ದರಿಂದ ಕೆಟ್ಟದ್ದು ಮುಂದಕ್ಕೆ ಹೋಗಲೇಕೂಡದು, ಕಂಡಲ್ಲೇ ತಡೆಯಬೇಕು. ತಡೆಯುವವರು ಯಾರು? ಮೇಲಿನ ಅಧಿಕಾರಿಯ ಕಣ್ಣಿಗೆ ಬೀಳುವ ಹೊತ್ತಿಗೆ ಕಾರು ಹತ್ತು ಹೆಜ್ಜೆ ಮುಂದೆ ಹೋಗಿರುತ್ತದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತವನಿಗೆ ಮಾತ್ರ ಅದು ಆ ಕ್ಷಣದಲ್ಲಿ ಗೊತ್ತಾಗುತ್ತದೆ. ಅಪ್ಪನ ಮಗ್ಗಕ್ಕಿದ್ದ ಬುದ್ಧಿಯನ್ನು ಈಗ ಮಗನ ಕಾರ್ಖಾನೆ ತನ್ನ ಕೆಲಸಗಾರನಲ್ಲಿ ಒಪ್ಪಿಕೊಳ್ಳಬೇಕಾಯಿತು. ಅವನ ತಲೆಯ ಮೇಲೆ ಒಂದು ಹಗ್ಗ ಬಂತು.

ಆ ಹಗ್ಗದ ಕೆಲಸವನ್ನು ಸ್ವಲ್ಪ ವಿವರಿಸುತ್ತೇನೆ. ಕೆಲಸಗಾರನಿಗೆ ಏನಾದರೂ ತೊಡಕು ಕಂಡರೆ ಹಗ್ಗವನ್ನು ಎಳೆಯುತ್ತಾನೆ. ಮೇಲಿನ ಫಲಕದಲ್ಲಿ ಅವನ ಜಾಗದ ದೀಪ ಹತ್ತಿಕೊಳ್ಳುತ್ತದೆ. ಗುಂಪಿನ ನಾಯಕ ಓಡಿಬರುತ್ತಾನೆ. ಕಾರು ಆ ಜಾಗವನ್ನು ದಾಟುವುದರೊಳಗೆ ತೊಡಕು ಬಿಡಿಸಿದರೆ ಸಾಲು ನಿಲ್ಲುವುದಿಲ್ಲ. ಬಿಡಿಸಲಾಗದಿದ್ದರೆ ನಿಂತೇ ನಿಲ್ಲುತ್ತದೆ. ಅನಂತರ ‘ಏಕೆ’ ಎಂಬ ಪ್ರಶ್ನೆ ಆರಂಭವಾಗುತ್ತದೆ. ಓನೊ ಅದನ್ನು ಐದು ಸಲ ಕೇಳಬೇಕೆನ್ನುತ್ತಿದ್ದರು. ಯಂತ್ರ ಏಕೆ ನಿಂತಿತು? ಭಾರ ಹೆಚ್ಚಾಗಿ ಫ್ಯೂಸು ಹೋಯಿತು. ಭಾರ ಏಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಎಣ್ಣೆ ಏಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತಲಿಲ್ಲ. ಏಕೆ? ಪಂಪಿನ ದಂಡ ಸವೆದಿತ್ತು. ಅದೇಕೆ ಸವೆಯಿತು? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿತ್ತು. ಮೊದಲ ಉತ್ತರಕ್ಕೇ ನಿಂತವನು ಫ್ಯೂಸು ಬದಲಿಸಿ ಹೋಗುತ್ತಾನೆ. ನಾಳೆ ಮತ್ತೆ ಬರುತ್ತಾನೆ. ಕೊನೆಯವರೆಗೆ ಹೋದವನು ಒಂದು ಜಾಲರಿ ಹಾಕಿ ಕಷ್ಟವನ್ನು ಕಳೆಯುತ್ತಾನೆ. ಈ ಐದು ಪ್ರಶ್ನೆಗಳಲ್ಲಿ ಎಲ್ಲಿಯೂ ‘ಯಾರು’ ಎಂಬುದಿಲ್ಲ ಎಂಬುದನ್ನು ಕಾಣಬೇಕು. ‘ಯಾರು ಮಾಡಿದ್ದು?’ ಎಂದು ಕೇಳಿದ ಮರುದಿನದಿಂದ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ.

ಓನೊ ಅವರು ವ್ಯರ್ಥವನ್ನು ಏಳು ಬಗೆಯೆಂದು ಎಣಿಸಿದರು: ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸುಮ್ಮನೆ ಸಾಗಿಸುವುದು, ಬೇಡದ ಸಂಸ್ಕರಣ, ದಾಸ್ತಾನು, ಬೇಡದ ಓಡಾಟ, ದೋಷವುಳ್ಳ ಸರಕು. ಈ ಪಟ್ಟಿಯಲ್ಲಿ ಮನುಷ್ಯ ಇಲ್ಲ. ಅವನ ಬುದ್ಧಿಯನ್ನು ಬಳಸದಿರುವುದೇ ಎಂಟನೆಯ ವ್ಯರ್ಥವೆಂದು ಅನಂತರದವರು ಸೇರಿಸಿದರು. ಆದರೆ ಟೊಯೊಟದಲ್ಲಿ ಕೆಲಸಗಾರರಿಂದ ಸಲಹೆಗಳನ್ನು ಕೇಳುವ ಕ್ರಮ 1951ರಲ್ಲೇ, ಮುಷ್ಕರದ ಮರುವರ್ಷವೇ, ಆರಂಭವಾಗಿತ್ತು.

ನಾನು ಯೌವನದಲ್ಲಿ ಕೆಲವು ಕಾಲ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಯೂ ಸಲಹಾ ಪೆಟ್ಟಿಗೆಯಿತ್ತು. ಹಸಿರು ಬಣ್ಣದ, ಬೀಗ ಹಾಕಿದ, ಗೇಟಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಪೆಟ್ಟಿಗೆ. ಹಿರಿಯ ಫಿಟ್ಟರ್ ಒಬ್ಬರನ್ನು ನಾನು, ‘ಯಜಮಾನರೆ, ನೀವು ಇದರಲ್ಲಿ ಏನಾದರೂ ಬರೆದು ಹಾಕಿದ್ದೀರಾ?’ ಎಂದು ಕೇಳಿದೆ. ‘ಒಂದೇ ಸಲ ಹಾಕಿದೆ ಸ್ವಾಮಿ. ಮೂವರು ಮಾಡೋ ಕೆಲಸ ಇಬ್ಬರಲ್ಲಿ ಆಗೋ ಹಾಗೆ ಒಂದು ಕೊಕ್ಕೆ ಮಾಡಿಕೊಟ್ಟೆ. ಮೆಚ್ಚಿ ಐವತ್ತು ರೂಪಾಯಿ ಕೊಟ್ಟರು. ಮೂರನೆಯವನು ನನ್ನ ತಂಗಿ ಗಂಡ. ಅವನನ್ನ ಮನೆಗೆ ಕಳಿಸಿದರು’ ಎಂದರು. ಆಮೇಲೆ ಅವರು ಆ ಪೆಟ್ಟಿಗೆಯ ಕಡೆ ನೋಡಲಿಲ್ಲ. ಅವರನ್ನು ನೋಡಿ ಬೇರೆಯವರೂ ನೋಡಲಿಲ್ಲ. ತಾನು ಕುಳಿತ ಕೊಂಬೆಯನ್ನು ಕಡಿಯಲು ಯಾರಿಗಾದರೂ ಹರಿತವಾದ ಕೊಡಲಿ ಕೊಟ್ಟು, ಅವನು ಕಡಿಯಲಿಲ್ಲವೆಂದು ದೂರುವುದು ನ್ಯಾಯವೆ? ಸುಧಾರಣೆಯ ಫಲ ತನ್ನ ಅನ್ನಕ್ಕೆ ಕುತ್ತಾಗದು ಎಂಬ ಭರವಸೆಯಿದ್ದರೆ ಮಾತ್ರ ದುಡಿಯುವವನು ತನ್ನ ಬುದ್ಧಿಯನ್ನು ಕೊಡುತ್ತಾನೆ. ಇಲ್ಲದಿದ್ದರೆ ಕೈಯನ್ನು ಮಾತ್ರ ಕೊಡುತ್ತಾನೆ.

ಹಾಗೆಂದು ಟೊಯೊಟವನ್ನು ಸ್ವರ್ಗವೆಂದು ಬಣ್ಣಿಸಲು ಬರುವುದಿಲ್ಲ. ಅದರ ಭರವಸೆಗೆ ಒಂದು ಬೇಲಿಯಿತ್ತು. ಬೇಲಿಯ ಹೊರಗೂ ಜನರಿದ್ದರು. ಸತೋಶಿ ಕಮತ ಎಂಬ ಪತ್ರಕರ್ತರು 1972ರಲ್ಲಿ ಅಲ್ಲಿ ಹಂಗಾಮಿ ಕೆಲಸಗಾರನಾಗಿ ದುಡಿದು, ಮರುವರ್ಷ ತಮ್ಮ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ಮೋಟಾರು ಕಾರಿನ ಹತಾಶೆಯ ಕಾರ್ಖಾನೆ ಎಂಬರ್ಥದ ಹೆಸರು ಅದಕ್ಕೆ. ಎವೆಯಿಕ್ಕಲು ಬಿಡುವಿಲ್ಲದ ವೇಗ, ಮೈಮುರಿಯುವ ಪಾಳಿ, ಅವಧಿ ಮುಗಿಯುವ ಮೊದಲೇ ಬಿಟ್ಟುಹೋಗುವ ಸಂಗಾತಿಗಳು—ಇವೆಲ್ಲ ಅಲ್ಲಿ ದಾಖಲಾಗಿವೆ. 2007ರಲ್ಲಿ ನಗೋಯಾದ ಜಿಲ್ಲಾ ನ್ಯಾಯಾಲಯ ಇನ್ನೊಂದು ಮುಖವನ್ನು ತೋರಿಸಿತು. 2002ರಲ್ಲಿ ಕೆಲಸದ ಜಾಗದಲ್ಲೇ ಕುಸಿದು ಸತ್ತ ಟೊಯೊಟ ಕೆಲಸಗಾರನೊಬ್ಬನ ಹೆಂಡತಿ, ಅತಿದುಡಿಮೆಯಿಂದಲೇ ಈ ಸಾವಾಯಿತೆಂದು ಹೋರಾಡಿದ್ದಳು. ಸುಧಾರಣೆಯ ಗುಂಪುಗಳಲ್ಲಿ ಪಾಳಿ ಮುಗಿದ ಮೇಲೆ ‘ಸ್ವಇಚ್ಛೆ’ಯಿಂದ ಕಳೆದ ಗಂಟೆಗಳೂ ದುಡಿಮೆಯ ಗಂಟೆಗಳೇ ಎಂದು ನ್ಯಾಯಾಲಯ ಒಪ್ಪಿ, ಅವಳ ಪರವಾಗಿ ತೀರ್ಪಿತ್ತಿತು. ವ್ಯರ್ಥವನ್ನು ಕಳೆಯಲು ಹೊರಟವರು ಬಿಡುವನ್ನೂ ವ್ಯರ್ಥವೆಂದು ಎಣಿಸಿದರೆ ಮನುಷ್ಯನೇ ಕರಗುತ್ತಾನೆ. ಬೊಜ್ಜು ಬೇರೆ, ಮಾಂಸ ಬೇರೆ.

ಇದೆಲ್ಲ ಜಪಾನೀಯರ ಸ್ವಭಾವಕ್ಕೆ ಸೇರಿದ್ದು, ಬೇರೆ ಮಣ್ಣಿನಲ್ಲಿ ಬೇರೂರದು ಎಂದು ಹೇಳುವವರು ಬಹಳ ಮಂದಿ ಇದ್ದರು. ಅದಕ್ಕೆ ಉತ್ತರ ದೊರೆತದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಫ್ರೀಮಾಂಟ್ ಎಂಬ ಊರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರ್ಖಾನೆಯೊಂದಿತ್ತು. ಐವರಲ್ಲಿ ಒಬ್ಬರು ಗೈರುಹಾಜರಾಗುವುದು ಅಲ್ಲಿ ಸಾಮಾನ್ಯ. ಕುಡಿತ, ಜಗಳ, ಸಾವಿರಗಟ್ಟಲೆ ಇತ್ಯರ್ಥವಾಗದ ದೂರುಗಳು. ಸಾಲನ್ನು ನಿಲ್ಲಿಸುವುದಂತೂ ಮಹಾಪರಾಧ. ಕಾರಿಗೆ ತಪ್ಪು ಭಾಗ ಕೂತಿದ್ದರೂ ಅದು ಮುಂದೆ ಸಾಗಲೇಬೇಕು. 1982ರಲ್ಲಿ ಆ ಕಾರ್ಖಾನೆ ಮುಚ್ಚಿತು. 1984ರಲ್ಲಿ ಟೊಯೊಟ ಮತ್ತು ಜನರಲ್ ಮೋಟಾರ್ಸ್ ಕೂಡಿ ‘ನಮ್ಮಿ’ ಎಂಬ ಹೆಸರಿನಿಂದ ಅದನ್ನು ಮತ್ತೆ ತೆರೆದಾಗ, ಕೆಲಸಕ್ಕೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದೇ ಹಳೆಯ ಜನ, ಅದೇ ಹಳೆಯ ಕಾರ್ಮಿಕ ಸಂಘ. ನೂರಾರು ಮಂದಿಯನ್ನು ಜಪಾನಿಗೆ ಕಳಿಸಿ ತರಬೇತು ಕೊಡಲಾಯಿತು. ಹಗ್ಗ ಇಲ್ಲಿಯೂ ಬಂತು. ಗೈರುಹಾಜರಿ ನೂರಕ್ಕೆ ಮೂರರ ಆಸುಪಾಸಿಗೆ ಇಳಿಯಿತು. ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿ ನೋಡಿದರು: ಒಂದು ಕಾರನ್ನು ಜೋಡಿಸಲು ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ 31 ಗಂಟೆಯ ದುಡಿಮೆ, ಟೊಯೊಟದ ತಕವೊಕ ಕಾರ್ಖಾನೆಯಲ್ಲಿ 16, ಫ್ರೀಮಾಂಟಿನಲ್ಲಿ 19. ದೋಷಗಳ ಲೆಕ್ಕದಲ್ಲಿ ಫ್ರೀಮಾಂಟ್ ಮತ್ತು ತಕವೊಕ ಸರಿಸಮ. ಕೆಟ್ಟ ಕೆಲಸಗಾರರೆಂದು ಹೆಸರಾಗಿದ್ದವರು ಮೂರು ವರ್ಷಗಳಲ್ಲಿ ಬದಲಾದದ್ದು ಹೇಗೆ?

ಹಗ್ಗ ಒಂದರಿಂದಲ್ಲ. 1985ರ ಒಪ್ಪಂದದಲ್ಲಿ ಕಂಪನಿ ಬರೆದುಕೊಟ್ಟ ಮಾತೊಂದಿತ್ತು: ಕಂಪನಿಯ ಅಸ್ತಿತ್ವಕ್ಕೇ ಧಕ್ಕೆಯಾಗುವಂಥ ಕಷ್ಟ ಬಂದ ಹೊರತು ಯಾರನ್ನೂ ಕೆಲಸದಿಂದ ಬಿಡಿಸುವುದಿಲ್ಲ, ಅಂಥ ಕಷ್ಟ ಬಂದರೂ, ಹೊರಗೆ ಕೊಟ್ಟ ಕೆಲಸವನ್ನು ಮೊದಲು ಒಳಗೆ ತರುತ್ತೇವೆ, ಅಧಿಕಾರಿಗಳ ಸಂಬಳವನ್ನು ಮೊದಲು ಇಳಿಸುತ್ತೇವೆ. ಪರೀಕ್ಷೆಯ ಕಾಲ ಬೇಗನೆ ಬಂತು. 1988ರ ಹೊತ್ತಿಗೆ ಅಲ್ಲಿನ ಕಾರಿಗೆ ಬೇಡಿಕೆ ಕುಸಿದು ಕಾರ್ಖಾನೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿಯಲ್ಲಷ್ಟೇ ನಡೆಯುತ್ತಿತ್ತು. ಬೇರೆ ಕಡೆಯಾಗಿದ್ದರೆ ನೂರಾರು ಜನ ಮನೆಗೆ ಹೋಗುತ್ತಿದ್ದರು. ಇಲ್ಲಿ ಒಬ್ಬರನ್ನೂ ಕಳಿಸಲಿಲ್ಲ. ಬಿಡುವಾದವರಿಗೆ ತರಬೇತು ಕೊಟ್ಟರು, ಯಂತ್ರಗಳನ್ನು ಓರಣಗೊಳಿಸುವ ಕೆಲಸ ಕೊಟ್ಟರು. ಮಾತು ಉಳಿಯಿತು, ಅದರೊಡನೆ ನಂಬಿಕೆಯೂ ಉಳಿಯಿತು. 1950ರಲ್ಲಿ ಜಪಾನಿನಲ್ಲಿ ಸೋತ ಪರೀಕ್ಷೆಯಲ್ಲಿ ಕಂಪನಿ ಇಲ್ಲಿ ಗೆದ್ದಿತೆಂದು ನಾನು ಭಾವಿಸುತ್ತೇನೆ.

ಇದನ್ನು ಕಣ್ಣಾರೆ ಕಂಡ ಜನರಲ್ ಮೋಟಾರ್ಸ್ ತನ್ನ ಬೇರೆ ಕಾರ್ಖಾನೆಗಳಿಗೂ ಅದನ್ನು ಒಯ್ಯಲು ಯತ್ನಿಸಿತು. ಲಾಸ್ ಏಂಜಲೀಸ್ ನಗರದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ 1987ರಿಂದ ಗುಂಪು ಪದ್ಧತಿ ಜಾರಿಗೆ ಬಂತು. ಆದರೆ ಕಾರ್ಖಾನೆ ಮುಚ್ಚೀತೆಂಬ ಭಯದ ನೆರಳಿನಲ್ಲಿ ಬಂದ ಪದ್ಧತಿ ಅದು. ಕಾರ್ಮಿಕ ಸಂಘ ಎರಡು ಪಂಗಡವಾಗಿ ಒಡೆಯಿತು. 1992ರಲ್ಲಿ ಕಾರ್ಖಾನೆ ಮುಚ್ಚಿಯೇ ಹೋಯಿತು. ಹಗ್ಗವನ್ನು ಎಲ್ಲಿಗಾದರೂ ಒಯ್ಯಬಹುದು. ನಂಬಿಕೆಯನ್ನು ಮೂಟೆ ಕಟ್ಟಿ ಒಯ್ಯಲು ಬರುವುದಿಲ್ಲ.

‘ಲೀನ್’ ಎಂಬ ಹೆಸರು ಬಂದದ್ದು ಈ ಕಾಲದಲ್ಲೇ. ಫ್ರೀಮಾಂಟಿನಲ್ಲಿ ಎಂಜಿನಿಯರಾಗಿದ್ದ ಜಾನ್ ಕ್ರಾಫ್ಸಿಕ್ 1988ರ ಲೇಖನವೊಂದರಲ್ಲಿ ಅದನ್ನು ಮೊದಲು ಬಳಸಿದರು. 1990ರಲ್ಲಿ ವೊಮ್ಯಾಕ್, ಜೋನ್ಸ್ ಮತ್ತು ರೂಸ್ ಎಂಬ ಮೂವರ ಗ್ರಂಥದಿಂದ ಅದು ಲೋಕಪ್ರಸಿದ್ಧವಾಯಿತು. ಓನೊ ತೀರಿಕೊಂಡದ್ದೂ ಅದೇ ವರ್ಷ. ಹೆಸರು ಪ್ರಸಿದ್ಧವಾದಷ್ಟೂ ಅರ್ಥ ತೆಳುವಾಯಿತು. ಎಷ್ಟೋ ಕಂಪನಿಗಳಲ್ಲಿ ‘ಲೀನ್’ ಎಂದರೆ ಜನರನ್ನು ಕಡಿಮೆ ಮಾಡುವುದು ಎಂಬುದೇ ರೂಢಿಯ ಅರ್ಥವಾಗಿಬಿಟ್ಟಿತು. ಏಳು ವ್ಯರ್ಥಗಳ ಪಟ್ಟಿಯಲ್ಲಿ ಇಲ್ಲದ ಮನುಷ್ಯನನ್ನೇ ಮೊದಲನೆಯ ವ್ಯರ್ಥವೆಂದು ಎಣಿಸಿದ್ದಾಯಿತು.

ನಮ್ಮ ನಾಡಿಗೂ ಈ ಇತಿಹಾಸದಲ್ಲಿ ಒಂದು ಅಧ್ಯಾಯವುಂಟು. ಬೆಂಗಳೂರಿಗೆ ಸಮೀಪದ ಬಿಡದಿಯಲ್ಲಿ ಟೊಯೊಟ ಕಿರ್ಲೋಸ್ಕರ್ ಮೋಟಾರ್ ಕಂಪನಿ 1997ರಲ್ಲಿ ಸ್ಥಾಪಿತವಾಗಿ, 1999ರ ಡಿಸೆಂಬರಿನಲ್ಲಿ ಉತ್ಪಾದನೆ ಆರಂಭಿಸಿತು. ಓನೊ ಅವರ ಪದ್ಧತಿ ಅದರ ಮನೆಯವರಿಂದಲೇ ಕನ್ನಡ ನೆಲಕ್ಕೆ ಬಂದದ್ದು ಹೀಗೆ. ಹಳ್ಳಿಗಾಡಿನ ಬಡ ಹುಡುಗರಿಗೆ ಕಸುಬು ಕಲಿಸುವ ತಾಂತ್ರಿಕ ತರಬೇತಿ ಶಾಲೆಯೊಂದನ್ನು ಕಂಪನಿ 2007ರಲ್ಲಿ ಅಲ್ಲೇ ತೆರೆಯಿತು. ಇದು ಮೆಚ್ಚತಕ್ಕ ಮಾತು. ಆದರೆ ಅದೇ ಆವರಣದಲ್ಲಿ 2006ರಲ್ಲಿ, 2014ರಲ್ಲಿ, ಮತ್ತೆ 2020ರಲ್ಲಿ ಬೀಗಮುದ್ರೆಯೂ ಆಯಿತು. ಕೊನೆಯ ಸಲ ಕಾರ್ಮಿಕ ಸಂಘ ಕೆಲಸದ ಒತ್ತಡ ಮಿತಿಮೀರಿದೆಯೆಂದು ದೂರಿತು. ಆಡಳಿತವರ್ಗ ಅದನ್ನು ಶಿಸ್ತಿನ ಪ್ರಶ್ನೆಯೆಂದು ಕಂಡಿತು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಪದ್ಧತಿಯನ್ನು ಹುಟ್ಟಿಸಿದ ಮನೆಯವರಿಗೂ ನಂಬಿಕೆ ಎಂಬುದು ಪಿತ್ರಾರ್ಜಿತವಾಗಿ ಬರುವುದಿಲ್ಲ, ಪ್ರತಿಯೊಂದು ಊರಿನಲ್ಲಿಯೂ ಹೊಸದಾಗಿ ಸಂಪಾದಿಸಬೇಕು ಎಂಬುದಷ್ಟೇ ನಾನು ಅದರಿಂದ ಕಲಿತ ಪಾಠ.

ಫ್ರೀಮಾಂಟಿನ ಕಥೆಯ ಕೊನೆಯನ್ನೂ ಹೇಳಬೇಕು. 2009ರಲ್ಲಿ ದಿವಾಳಿಯಾದ ಜನರಲ್ ಮೋಟಾರ್ಸ್ ಆ ಕೂಟದಿಂದ ಹೊರಬಿತ್ತು. ಟೊಯೊಟವೂ ಕೈಬಿಟ್ಟಿತು. 2010ರ ಏಪ್ರಿಲ್ 1ರಂದು ಕೊನೆಯ ಕಾರು ಹೊರಬಂದು, ಸುಮಾರು 4,700 ಜನ ಕೆಲಸ ಕಳೆದುಕೊಂಡರು. ಇಪ್ಪತ್ತೈದು ವರ್ಷ ಉಳಿದ ಮಾತು ಒಂದು ದಿನ ಮುಗಿಯಿತು. ಹೀಗೆ ಮುಗಿದದ್ದರಿಂದ ಮೊದಲಿನದೆಲ್ಲ ಸುಳ್ಳಾಯಿತೆ? ಹಾಗೆಂದು ನಾನು ಹೇಳಲಾರೆ. ಅಲ್ಲಿ ದುಡಿದ ಎಷ್ಟೋ ಜನರಿಗೆ, ತಾವು ಮಾಡಿದ ಕೆಲಸ ಚೆನ್ನಾಗಿತ್ತು ಎಂಬ ಹೆಮ್ಮೆ ಬಾಳಿನಲ್ಲಿ ಮೊದಲ ಸಲ ದೊರಕಿದ್ದು ಆ ಇಪ್ಪತ್ತೈದು ವರ್ಷಗಳಲ್ಲಿ. ಅದೂ ಒಂದು ಉತ್ಪನ್ನವೇ; ಲೆಕ್ಕಪತ್ರದಲ್ಲಿ ಕಾಣದ ಉತ್ಪನ್ನ.

ಹಾಗಾದರೆ ಈ ಸಂಸ್ಕೃತಿಯನ್ನು ಕಟ್ಟುವುದು ಹೇಗೆ, ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಹೇಗೆ? ಇತಿಹಾಸ ಹೇಳುವುದು ಎರಡೇ ಮಾತು. ಕೆಳಗೆ ನಿಂತವನಿಗೆ ನಿಲ್ಲಿಸುವ ಅಧಿಕಾರ ಕೊಡಬೇಕು. ಮೇಲೆ ಕುಳಿತವನು ಕೈಬಿಡುವುದಿಲ್ಲವೆಂಬ ಮಾತು ಕೊಡಬೇಕು. ಇವೆರಡು ಹಾಸು ಹೊಕ್ಕುಗಳಿದ್ದಂತೆ. ಅಧಿಕಾರ ಮಾತ್ರ ಕೊಟ್ಟು ಮಾತು ಕೊಡದಿದ್ದರೆ ಯಾರೂ ಹಗ್ಗ ಎಳೆಯುವುದಿಲ್ಲ. ಮಾತು ಮಾತ್ರ ಕೊಟ್ಟು ಅಧಿಕಾರ ಕೊಡದಿದ್ದರೆ ಕಾರ್ಖಾನೆ ಸುಖವಾಗಿ ನಿದ್ರಿಸುತ್ತದೆ. ಎರಡೂ ಕೂಡಿದಲ್ಲಿ ಮಾತ್ರ ಬಟ್ಟೆ. ಅದನ್ನು ಒಂದು ಸಲ ನೇಯ್ದು ಮಡಿಸಿಡಲೂ ಬರುವುದಿಲ್ಲ. ಹಗ್ಗ ಎಳೆದ ಪ್ರತಿಯೊಂದು ಸಲವೂ ಓಡಿಬಂದ ನಾಯಕನ ಮುಖದಲ್ಲಿ ಕೆಲಸಗಾರ ಅದನ್ನು ಮತ್ತೆ ಪರೀಕ್ಷಿಸಿ ನೋಡುತ್ತಾನೆ. ಅಲ್ಲಿ ಸಿಟ್ಟು ಕಂಡರೆ ಫಲಕಗಳೂ ಗೆರೆಗಳೂ ಅಂದಿಗೇ ಬರಿಯ ಬಣ್ಣ.

ಇದು ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಕಚೇರಿ, ಶಾಲೆ, ಆಸ್ಪತ್ರೆ, ಕೊನೆಗೆ ಮನೆ—ಎಲ್ಲಿಯೇ ಆಗಲಿ, ಅತ್ಯಂತ ಕಿರಿಯನಾದವನು ‘ಇಲ್ಲಿ ಏನೋ ತಪ್ಪಾಗಿದೆ, ಸ್ವಲ್ಪ ನಿಲ್ಲಿಸಿ’ ಎಂದರೆ ಹಿರಿಯರು ನಿಲ್ಲಿಸುತ್ತಾರೆಯೆ, ಅಥವಾ ಅವನ ಬಾಯಿಯನ್ನು ನಿಲ್ಲಿಸುತ್ತಾರೆಯೆ ಎಂಬುದೇ ಪ್ರಶ್ನೆ. ಎಳೆ ಹರಿದಾಗ ನಿಲ್ಲುವ ವಿವೇಕವನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಡಗಿಯ ಮಗನೊಬ್ಬ ಮರದ ಮಗ್ಗಕ್ಕೆ ಕಲಿಸಿದ. ನಮ್ಮ ನಮ್ಮ ಸಂಸ್ಥೆಗಳಿಗೆ ಅದನ್ನು ಕಲಿಸುವ ಕೆಲಸ ಇನ್ನೂ ಬಾಕಿಯಿದೆ.